ಅಮ್ಮನ ಚಾಕುವಿನ ಬಾಗು

ಅಮ್ಮ ತೀರಿಕೊಂಡ ಮೇಲೆ ತವರಿನಲ್ಲಿ ನಾನು ಕೇಳಿದ್ದು ಒಂದೇ, ಅವಳ ಅಡುಗೆಮನೆಯ ಚಾಕು. ಒಡವೆ ಕೇಳುತ್ತೇನೇನೋ ಎಂದು ಉಸಿರು ಬಿಗಿಹಿಡಿದು ಕೂತಿದ್ದ ನನ್ನ ಅಣ್ಣನ ಹೆಂಡತಿಗೆ ಹೋದ ಜೀವ ಬಂದ ಹಾಗಾಯಿತು. ಚಾಕುವನ್ನು ಪೇಪರಿನಲ್ಲಿ ಸುತ್ತಿ, ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಟೀಪಾಯಿಯ ಮೇಲಿಟ್ಟರು. ನಾನು ಎತ್ತಿಕೊಂಡೆ.

ಹೊಸಹಳ್ಳಿಯಲ್ಲಿ ನಮ್ಮದು ಹಳೇ ಒಕ್ಕಲು ಮನೆ. ಅಮ್ಮ ವಾರಕ್ಕೊಮ್ಮೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ನೀರು ಚಿಮುಕಿಸಿ ಚಾಕು ಮಸೆಯುತ್ತಿದ್ದಳು. ಅಲಗಿನ ನಡುಭಾಗವನ್ನೇ ಹೆಚ್ಚು ಉಜ್ಜುತ್ತಿದ್ದರಿಂದ ಅಲ್ಲಿ ಸವೆದು ಒಳಕ್ಕೆ ಬಾಗಿಕೊಂಡಿತ್ತು. ಹುರುಳಿಕಾಯಿ ಹೆಚ್ಚುವುದೂ ಅದರಲ್ಲೇ, ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಮಟನ್ ಕತ್ತರಿಸುವುದೂ ಅದರಲ್ಲೇ.

ಆ ಮಟನ್ನೇ ತೊಂದರೆ. ನಾನು ಸೇರಿದ್ದು ಚಂದ್ರಾ ಲೇಔಟಿನ, ದಿನಾ ಲಿಂಗಪೂಜೆ ನಡೆಯುವ, ಮೊಟ್ಟೆಯ ಹೆಸರೂ ಎತ್ತದ ಮನೆಯನ್ನು. ಇಷ್ಟಪಟ್ಟು ಮದುವೆಯಾಗಿ ಹನ್ನೊಂದು ವರ್ಷ. ನಾನು ಮಾಂಸ ಬಿಟ್ಟೂ ಹನ್ನೊಂದು ವರ್ಷ. ಆದರೂ ಹಬ್ಬದ ದಿನ ಎಡೆಯ ಅಡುಗೆಗೆ ನಾನು ತರಕಾರಿ ಹೆಚ್ಚುವ ಹಾಗಿಲ್ಲ. "ನೀನು ಕೂತ್ಕೊಳಮ್ಮ, ನಾನೇ ಮಾಡ್ತೀನಿ" ಅಂತ ಅತ್ತೆ ನಗುನಗುತ್ತಲೇ ಹೇಳುತ್ತಾರೆ. ಬೈದರೆ ತಿರುಗಿ ಬೈಯಬಹುದು. ನಗುವಿಗೆ ಏನು ಮಾಡುವುದು?

ಚಾಕು ನೋಡಿದ ಕೂಡಲೇ ಅತ್ತೆ ಅಡುಗೆಮನೆ ಬಾಗಿಲಲ್ಲೇ ತಡೆದರು. "ಅದನ್ನ ಒಳಗೆ ತರಬೇಡ ಕಣಮ್ಮ. ಏನೇನು ಹೆಚ್ಚಿದಾರೋ ಅದ್ರಲ್ಲಿ."

ನನ್ನ ಗಂಡ ಇಬ್ಬರನ್ನೂ ಮೆಚ್ಚಿಸುವುದರಲ್ಲಿ ಎತ್ತಿದ ಕೈ. "ಸಾಣೆ ಹಿಡಿಸಿದ್ರೆ ಹಳೇ ಅಂಚು ಹೋಗಿ ಹೊಸದು ಬರುತ್ತಮ್ಮ. ಆಮೇಲೆ ಅದು ಹೊಸ ಚಾಕು ತಾನೆ?" ಅಂದ.

ಅತ್ತೆ ಸ್ವಲ್ಪ ಯೋಚಿಸಿದರು. "ಸಾಣೆಯವನು ಮಟನ್ ಅಂಗಡಿ ಕತ್ತೀನೂ ಅದೇ ಚಕ್ರಕ್ಕೆ ಹಿಡೀತಾನಲ್ಲಪ್ಪ. ಮಾಡೋದಾದ್ರೆ ಮನೇಲೇ ಮಾಡ್ಲಿ."

ಬೇಡ ಅನ್ನಲಿಲ್ಲವಲ್ಲ, ನನಗೆ ಅಷ್ಟೇ ಸಾಕಾಯಿತು. ಈ ಚಾಕು ಅಡುಗೆಮನೆಯ ಒಳಗೆ ಹೋದರೆ ನಾನೂ ಒಳಗೆ ಹೋದಂತೆ ಎಂದು ನಂಬಿಬಿಟ್ಟೆ. ಎಂಥ ದಡ್ಡಿ ನಾನು.

ಮೊದಲು ಪಿಂಗಾಣಿ ಕಪ್ಪಿನ ತಳಕ್ಕೆ ಉಜ್ಜಿದೆ. ಹರಿತವೇನೋ ಬಂತು, ಆದರೆ ಅಲಗು ನೋಡಿದರೆ ಅದೇ ಹಳೇ ಚಾಕು. ಗಂಡ ಆನ್‌ಲೈನಿನಲ್ಲಿ ಒಂದು ಪುಟ್ಟ ಸಾಧನ ತರಿಸಿಕೊಟ್ಟ. ಅದರ ಸೀಳಿನಲ್ಲಿ ಎಳೆದರೆ ಅದೂ ಅಮ್ಮನ ಬಾಗನ್ನೇ ಹಿಡಿದುಕೊಂಡು ಹೋಯಿತು. ಕೊನೆಗೆ ಹಾರ್ಡ್‌ವೇರ್ ಅಂಗಡಿಯಿಂದ ಮಸೆಯುವ ಕಲ್ಲು ತಂದೆ. "ನುಣುಪು ಕಡೆ ಉಜ್ಜಿ ಮೇಡಂ. ಒರಟು ಕಡೆ ಕಬ್ಬಿಣ ತಿನ್ನುತ್ತೆ, ಅಲಗಿನ ಆಕಾರನೇ ಹೋಗುತ್ತೆ" ಅಂತ ಅಂಗಡಿಯವರು ಎಚ್ಚರಿಸಿದರು. ನನಗೆ ಬೇಕಾಗಿದ್ದೂ ಅದೇ. ಒರಟು ಕಡೆಯನ್ನೇ ಮೇಲೆ ಮಾಡಿಕೊಂಡು ಕೂತೆ.

ಮೂರು ಭಾನುವಾರ ಟೆರೇಸಿನಲ್ಲಿ ಉಜ್ಜಿದೆ. ಅಲಗಿನ ತುದಿಯೂ ಬುಡವೂ ಸವೆದು ನಡುವಿನ ಮಟ್ಟಕ್ಕೆ ಇಳಿದವು. ಕಲ್ಲಿನಿಂದ ಕಪ್ಪು ನೀರು ಹರಿಯಿತು, ನನ್ನ ಉಗುರೆಲ್ಲ ಮಸಿಯಾಯಿತು. ಅಲಗು ಸ್ಕೇಲಿನ ಹಾಗೆ ನೇರವಾದ ಮೇಲೆ ತೊಳೆದು, ಒರೆಸಿ, ಹಿಡಿಗೆ ವಿಭೂತಿ ಹಚ್ಚಿ ಅತ್ತೆಯ ಮುಂದಿಟ್ಟೆ.

ಅವರು ಹೆಬ್ಬೆರಳಿನಿಂದ ಅಂಚು ಸವರಿ ನೋಡಿದರು. "ಎಷ್ಟು ಚೆನ್ನಾಗಿ ಮಸೆದಿದೀಯಮ್ಮ! ಟೆರೇಸಲ್ಲೇ ಇಟ್ಕೊ, ದಾಸವಾಳದ ಕಡ್ಡಿ ಕತ್ತರಿಸೋಕೆ ಆಗುತ್ತೆ" ಅಂದರು, ನಗುನಗುತ್ತಲೇ.

ಗಂಡ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಅತ್ತೆಯ ಮೇಲಿನ ಸಿಟ್ಟು ಬರುತ್ತದೆ, ಹೋಗುತ್ತದೆ. ಹನ್ನೊಂದು ವರ್ಷದಿಂದ ಹೇಳುತ್ತಿದ್ದುದನ್ನೇ ಅವರು ಇನ್ನೊಮ್ಮೆ ಹೇಳಿದರು, ಅಷ್ಟೆ. ನನ್ನ ಮೇಲಿನದು ಮಾತ್ರ ಹೋಗುವುದಿಲ್ಲ. ಅಮ್ಮನ ಕೈಯ ಗುರುತು ಅಂತ ನನ್ನ ಹತ್ತಿರ ಇದ್ದದ್ದು ಆ ಬಾಗು ಒಂದೇ. ಅದನ್ನು ನನ್ನ ಕೈಯಾರೆ ಉಜ್ಜಿ, ಮೇಲೆ ನೀರು ಸುರಿದು, ಟೆರೇಸಿನ ಮೋರಿಗೆ ಬಿಟ್ಟೆ.