ಬಕೆಟ್ಟಿಗೆ ಸುರಿದ ತಿಳಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅಕ್ಕನ ಮೂರು ದಿನದ ದುಡಿಮೆಯನ್ನು ಬ್ಲೀಚಿಂಗ್ ನೀರಿನ ಬಕೆಟ್ಟಿಗೆ ಸುರಿದವನು ನಾನೇ. ಸುರಿಯುವಾಗ ನಮ್ಮ ಗೈಡ್ ಸಾಹೇಬರ ದನಿಯಲ್ಲಿ ಭಾಷಣ ಬೇರೆ ಬಿಗಿಯುತ್ತಿದ್ದೆ.

ಗಚ್ಚಿಬೌಲಿಯ ಲ್ಯಾಬಿನಲ್ಲಿ ಆಗಷ್ಟೇ ಪ್ರಾಜೆಕ್ಟಿಗೆ ಸೇರಿದ್ದೆ. ಅಕ್ಕ ಅಂದರೆ ನಮ್ಮ ಸೀನಿಯರ್, ರಾಯಚೂರಿನವಳು. ಇಡೀ ಲ್ಯಾಬಿನಲ್ಲಿ ನನ್ನ ಜೊತೆ ಕನ್ನಡ ಆಡುವವಳು ಅವಳೊಬ್ಬಳೇ, ಹಾಗಾಗಿ ಬೈಗುಳದ ಭಾಗ್ಯವೂ ನನಗೊಬ್ಬನಿಗೇ. ಸೋಮವಾರ ಅವಳು ಕಮಿಟಿಯ ಮುಂದೆ ತನ್ನ ಪ್ರೋಟೀನು ತೋರಿಸಬೇಕಿತ್ತು. ಇಲ್ಲದಿದ್ದರೆ ಥೀಸಿಸ್ ಇನ್ನಾರು ತಿಂಗಳು ಮುಂದಕ್ಕೆ.

ನನಗೆ ಬರುತ್ತಿದ್ದ ವಿದ್ಯೆ ಒಂದೇ. ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಮೆಷಿನ್ನಿನಲ್ಲಿ ಗರಗರ ತಿರುಗಿಸು, ಮೇಲಿನ ತಿಳಿ ಚೆಲ್ಲು, ತಳದ ಗಸಿ ಇಟ್ಟುಕೋ. ಕಾಲೇಜಿನಲ್ಲಿ ನಾವು ಹುಡುಕುತ್ತಿದ್ದ ಪ್ರೋಟೀನು ಜೀವಕೋಶದೊಳಗೇ ಇರುತ್ತಿತ್ತಲ್ಲ. ಅಕ್ಕನ ಬ್ಯಾಕ್ಟೀರಿಯಾ ಪ್ರೋಟೀನನ್ನು ಹೊರಕ್ಕೆ, ಅಂದರೆ ಆ ತಿಳಿಗೇ, ಬಿಡುವ ಜಾತಿ. ಹೊರಗೆ ಹೋಗಬೇಕಾದದ್ದರ ಮುಂತುದಿಗೆ ಒಂದು ಚೀಟಿ ಅಂಟಿರುತ್ತದೆ. ಜೀವಕೋಶದ ಪೊರೆಯ ಬಾಗಿಲು ಆ ಚೀಟಿ ನೋಡಿ, ಸೂಜಿಗೆ ದಾರ ಪೋಣಿಸಿದಂತೆ ಪ್ರೋಟೀನನ್ನು ಆಚೆ ದಾಟಿಸುತ್ತದೆ, ಚೀಟಿ ತುಂಡಾಗಿ ಬೀಳುತ್ತದೆ. ಚೀಟಿ ಇಲ್ಲದ್ದು ಒಳಗೇ. ಹಿಂದಿನ ದಿನವೇ ಇಷ್ಟೂ ಹೇಳಿದ್ದಳು, ಪಾಪ. ನಾನು ಮಿಮಿಕ್ರಿಗೆಂದು ಅವಳು ಕೈಯಾಡಿಸುವ ಧಾಟಿ ಕದಿಯುವುದರಲ್ಲಿದ್ದೆ.

ಬುಧವಾರ ಅವಳು ಊಟಕ್ಕೆ ಹೋದಾಗ, ಸಹಾಯ ಮಾಡೋಣ ಅಂತ ಮೆಷಿನ್ನಿನಲ್ಲಿ ತಿರುಗಿ ನಿಂತಿದ್ದ ಅವಳ ಟ್ಯೂಬುಗಳನ್ನು ಕೈಗೆತ್ತಿಕೊಂಡೆ. ಒಂದು ಟ್ಯೂಬು ಮೈಕ್ ಆಯಿತು, ಸಾಹೇಬರು ಮೈಮೇಲೆ ಬಂದರು, ಲ್ಯಾಬಿನ ಗೆಳೆಯರು ನಕ್ಕರು, ತಿಳಿ ಬಕೆಟ್ಟು ಸೇರಿತು. ಅಕ್ಕ ಬಂದಾಗ ಗಸಿಯನ್ನು ಪ್ರಸಾದದ ಹಾಗೆ ಮುಂದೆ ಹಿಡಿದೆ.

ಅವಳು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಬಕೆಟ್ಟನ್ನೇ ನೋಡಿದಳು. ಎಲ್ಲರ ಮಿಮಿಕ್ರಿ ಮಾಡುವ ನನಗೆ ಆ ಮುಖ ಇವತ್ತಿಗೂ ಬರುವುದಿಲ್ಲ.

ಅವತ್ತೇ ಹೊಸದಾಗಿ ಬೆಳೆಸಲಿಕ್ಕೆ ಹಾಕಿದಳು. ಅದನ್ನು ಕಾಯುವ ಕೆಲಸ ನಾನೇ ಕೇಳಿ ಪಡೆದೆ. ಶನಿವಾರವೂ, ಭಾನುವಾರವೂ ಕೂಕಟ್‌ಪಲ್ಲಿಯ ರೂಮಿನಿಂದ ಬಸ್ಸು ಹಿಡಿದು ಬಂದೆ. ಈ ಸಲ ತಿಳಿಯನ್ನು ಅಕ್ಕನೇ ಬಗ್ಗಿಸಿಕೊಂಡಳು. ನನಗೆ ಟ್ಯೂಬು ಮುಟ್ಟುವ ಹಕ್ಕಿರಲಿಲ್ಲ. ಭಾನುವಾರ ಸಂಜೆ, ಪ್ರೋಟೀನು ಪತ್ತೆಹಚ್ಚುವ ಜೆಲ್ಲಿನ ಮೇಲೆ, ಎಲ್ಲಿ ಬೇಕೋ ಅಲ್ಲೇ, ದಪ್ಪನೆಯ ನೀಲಿ ಪಟ್ಟಿ ಮೂಡಿತು. ಅವಳ ಪ್ರೋಟೀನು.

ನನಗೆ ತಡೆಯಲಾಗಲಿಲ್ಲ. ಗಂಟಲು ಸರಿಮಾಡಿಕೊಂಡು, ಸಾಹೇಬರ ಮೂಗಿನ ದನಿಯಲ್ಲಿ ಅಭಿನಂದನೆ ಶುರುಮಾಡಿದೆ. ಅಕ್ಕ ಜೆಲ್ಲಿನಿಂದ ಕಣ್ಣು ಕೀಳದೆ ಅಂದಳು:

"ಚೀಟಿ ಇಲ್ಲದ್ದನ್ನ ಬ್ಯಾಕ್ಟೀರಿಯಾನೂ ಹೊರಗ ಬಿಡಂಗಿಲ್ಲೋ ತಮ್ಮಾ. ನಿನ್ನ ಬಾಯಿಗೆ ಒಂದು ಬಾಗಿಲಾದ್ರೂ ಐತೇನು?"