ಕೆರೆ ದಂಡೆಯ ಚರಗ

ಎಳ್ಳಮಾವಾಸ್ಯೆ ಬಂತೆಂದರೆ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಯಾದಗಿರಿ ಪೇಟೆಯ ಅಂಗಡಿಗಳಿಗೆ ಮಧ್ಯಾಹ್ನದ ಹೊತ್ತಿಗೆ ಬೀಗ ಬಿದ್ದಿರುತ್ತದೆ. ಹೊಲ ಇದ್ದವರು ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ, ಇಲ್ಲದವರನ್ನು ಕರೆದುಕೊಂಡೂ ಹೋಗುತ್ತಾರೆ. ನಮಗೆ ಗೇಣು ಹೊಲವೂ ಇರಲಿಲ್ಲ. ನಾವು ಯಾವಾಗಲೂ ಕರೆಸಿಕೊಳ್ಳುವವರು.

ಕರೆಯುವವರಲ್ಲಿ ಕೊಂಕಿರಲಿಲ್ಲ, ಅದನ್ನು ಹೇಳಲೇಬೇಕು. ಹತ್ತಿಕುಣಿ ಕಡೆಯ ಒಬ್ಬ ಗೌಡತಿ ನಮ್ಮವ್ವನಿಗೆ ವರ್ಷವೂ ತಪ್ಪದೆ ಹೇಳಿ ಕಳಿಸುತ್ತಿದ್ದರು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ, ಸಾಕೆಂದರೂ ಬಿಡದೆ ಬಡಿಸುತ್ತಿದ್ದರು. ಆದರೆ ಉಣ್ಣುವ ಮೊದಲು ಚರಗ ಆಗಬೇಕು. ಮಾಡಿದ ಅಡಿಗೆಯನ್ನೆಲ್ಲ ಒಂದಿಷ್ಟು ಕಲಸಿ, ಬೆಳೆ ನಿಂತ ನೆಲಕ್ಕೆ ಎರಚುತ್ತ ಹೊಲ ಸುತ್ತುವುದೇ ಚರಗ. ಹೊಲದ ಧಣಿ ಮುಂದೆ ಎರಚುತ್ತ ‘ಹುಲ್ಲುಲ್ಲಿಗೋ’ ಎಂದು ಕೂಗುತ್ತಾನೆ. ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುವವರು ‘ಚಲಾಂಬ್ರಿಗೋ’ ಎಂದು ಓಗೊಡುತ್ತಾರೆ. ಅರ್ಥ ಕೇಳಿದರೆ ಯಾರಿಗೂ ಗೊತ್ತಿಲ್ಲ, ಕೂಗದೆ ಬಿಟ್ಟರೆ ಮಾತ್ರ ಎಲ್ಲರಿಗೂ ಕಸಿವಿಸಿ. ನಮ್ಮವ್ವ ಎಷ್ಟೋ ವರ್ಷ ಆ ತಂಬಿಗೆ ಹಿಡಿದವಳು. ಒಮ್ಮೆಯೂ ಮುಂದೆ ನಡೆದವಳಲ್ಲ.

ಅದು ಅವಳಿಗೆ ಅಷ್ಟು ಕೊರೆಯುತ್ತಿತ್ತೆಂದು ನನಗೆ ತಿಳಿದದ್ದೇ ಹೋದ ವರ್ಷ. ಮಗಳಾದ ನಾನು ಶಹಾಪುರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಹಬ್ಬಕ್ಕೆ ಎರಡು ದಿನ ಇರುವಾಗ ಅವ್ವ ಫೋನು ಮಾಡಿದಳು.

“ಈ ಸಲ ಯಾರ ಹೊಲಕ್ಕೂ ಬ್ಯಾಡ. ನಮ್ಮ ಹೊಲಕ್ಕ ಹೋಗೂನು. ಚರಗ ನಾನೇ ಚೆಲ್ತೀನಿ.”

“ನಮ್ಮ ಹೊಲ ಎಲ್ಲದ ಬೇ?”

“ಕೆರಿ ದಂಡಿಮ್ಯಾಲ.”

ಕೆರೆ ದಂಡೆಯ ಮೇಲೆ ಇರುವುದು ಪಾರ್ಕು. ಯಾದಗಿರಿಗೆ ಬಂದವರಿಗೆ ನಾನು ಮೊದಲು ತೋರಿಸುವುದೇ ಅದನ್ನು. ಊರ ನಟ್ಟನಡುವೆ ಹಳೆಯ ಕೆರೆ, ತಲೆಯ ಮೇಲೆ ಕೋಟೆ ಗುಡ್ಡ, ನೀರಿಗೆ ಇಳಿಯಲು ಸವೆದ ಕಲ್ಲಿನ ಪಾವಟಿಗೆಗಳು. ಬೆಳಗ್ಗೆ ಗಾಳಿ ಇಲ್ಲದಾಗ ಇಡೀ ಕೋಟೆ ತಲೆಕೆಳಗಾಗಿ ನೀರಿನಲ್ಲಿ ಕಾಣುತ್ತದೆ. ಬಿಸಿಲೂರು, ಧೂಳೂರು ಎಂದು ಮೂಗು ಮುರಿದ ನನ್ನ ಮೈಸೂರಿನ ಸಹೋದ್ಯೋಗಿಯೊಬ್ಬರು ಅಲ್ಲಿ ಬೆಂಚಿನ ಮೇಲೆ ಕೂತವರು ಅರ್ಧ ತಾಸು ಏಳಲಿಲ್ಲ. ನಾನೂ ಏಳಿಸಲಿಲ್ಲ. ಚೆನ್ನಾಗಿ ನೋಡಲಿ ಎಂದು ಸುಮ್ಮನಿದ್ದೆ.

ಆ ಪಾರ್ಕಿನಲ್ಲಿ ಅವ್ವ ದಿನಗೂಲಿಯಾಗಿ ಸೇರಿದಾಗ ಅಲ್ಲಿ ಪಾರ್ಕೇ ಇರಲಿಲ್ಲ, ಏನೂ ಬೆಳೆಯದ ಗರಸು ನೆಲ ಮತ್ತು ಜಾಲಿ ಇತ್ತು. ಕೆರೆಯ ಹೂಳು ತೆಗೆದಾಗ ಆ ಎರೆಮಣ್ಣನ್ನು ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ತಂದು ಗರಸಿನ ಮೇಲೆ ಹರವಿದವರಲ್ಲಿ ಅವಳೂ ಒಬ್ಬಳು. ಗುಂಡಿ ತೋಡಿ ಸಸಿ ಇಟ್ಟಳು. ಪೈಪು ಬರುವವರೆಗೆ ಪಾವಟಿಗೆ ಇಳಿದು ಕೊಡದಲ್ಲಿ ನೀರು ತಂದು ಹಾಕಿದಳು. ಮೊಣಕಾಲು ಸೋತು ಕೆಲಸ ಬಿಡುವವರೆಗೂ ಅಲ್ಲೇ ದುಡಿದಳು. ಹುಟ್ಟಿದ ಮೇಲೆ ಅವಳು ಒಂದೇ ನೆಲಕ್ಕೆ ಅಷ್ಟು ಬೆವರು ಹಾಕಿದ್ದು ಅಲ್ಲಿ ಮಾತ್ರ. ಇಷ್ಟೆಲ್ಲ ಗೊತ್ತಿದ್ದೂ ಅದನ್ನು ಹೊಲ ಎಂದು ಕರೆಯಬಹುದೆಂದು ನನಗೆ ಹೊಳೆದಿರಲಿಲ್ಲ.

ಹಬ್ಬದ ದಿನ ಬೆಳಗಿನ ಬಸ್ಸಿಗೆ ಭೀಮಾ ಸೇತುವೆ ದಾಟಿ ಬಂದೆ. ಅವ್ವ ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿದ ರೊಟ್ಟಿ ಬಡಿದಿದ್ದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಚರಗದ ಬುಟ್ಟಿಯನ್ನು ನನ್ನ ಕೈಗೆ ಕೊಡಲೇ ಇಲ್ಲ, ನೀರಿನ ತಂಬಿಗೆ ಮಾತ್ರ ಕೊಟ್ಟಳು. ಪಾರ್ಕಿನ ಬಾಗಿಲ ಹತ್ತಿರ ಕೆರೆಯ ಚರಿತ್ರೆ ಬರೆದ ಫಲಕವಿದೆ. “ಓದು” ಅಂದಳು. ಓದಿದೆ. ಕೋಟೆ ಆಳಿದವರು, ಕೆರೆ ಕಟ್ಟಿದ್ದು, ಎಲ್ಲ ಇತ್ತು. ತಲೆ ಅಲ್ಲಾಡಿಸುತ್ತ ಕೇಳಿ, “ಬರದದ್ದು ಬರಾಬರಿ ಅದ,” ಎಂದು ಪಾಸು ಮಾಡಿ ಒಳಗೆ ನಡೆದಳು.

ನೀರಿನ ಕಡೆಗಿರುವ ಹುಲ್ಲಿನ ಮೇಲೆ ಬುಟ್ಟಿ ಇಳಿಸಿದ್ದೇ ತಡ, ಕಾವಲುಗಾರ ಬಂದ. ಇಪ್ಪತ್ತೈದರ ಹುಡುಗ, ಕೊರಳಲ್ಲಿ ಸೀಟಿ.

“ಅಮ್ಮಾರ, ಉಣ್ಣೂದಿದ್ರ ಆ ಕಟ್ಟಿಮ್ಯಾಲ ಉಣ್ರಿ. ಇಲ್ಲಿ ಚೆಲ್ಲಾಂಗಿಲ್ಲ ನೋಡ್ರಿ.”

“ಚೆಲ್ಲೂದಲ್ಲಪಾ, ಚರಗ,” ಅಂದೆ.

“ಚರಗಾದ್ರೂ ಅಷ್ಟರೀ. ಅನ್ನ ಅನ್ನನ ಅಲ್ರಿ? ಇರುವಿ ಆಗ್ತಾವ, ನಾಯಿ ಬರ್ತಾವ. ಸಾಹೇಬ್ರು ಬಂದು ನೋಡಿದ್ರ ನನಗ ಬೈತಾರ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಕಚೇರಿಯಲ್ಲೂ ಅದೇ ಹೆಸರು ನನಗೆ. “ನೀ ನಿಂತೀಯಲ್ಲ, ಆ ನೆರಳು ಯಾರು ಹಚ್ಚಿದ ಗಿಡದ್ದು ಗೊತ್ತೇನು? ನೀ ಹುಟ್ಟೂಕಿಂತ ಮೊದಲು ನಮ್ಮವ್ವ ಇಲ್ಲಿ ಮಣ್ಣು ಹೊತ್ತಾಳ!” ಎಂದು ಏರು ದನಿಯಲ್ಲಿ ಶುರು ಮಾಡಿದೆ. ವಾಕಿಂಗ್ ಮಾಡುತ್ತಿದ್ದವರು ನಿಂತು ನೋಡಿದರು. ಬೆಂಚಿನ ಮೇಲೆ ಸಂಸಾರ ಸಮೇತ ಬಿರ್ಯಾನಿ ಡಬ್ಬಿ ಬಿಚ್ಚುತ್ತಿದ್ದ ಒಬ್ಬರು, ರೂಲು ತಮಗೂ ತಾಗೀತೆಂದು ಮುಚ್ಚಳ ಮತ್ತೆ ಹಾಕಿದರು.

ಅವ್ವ ನನ್ನ ಸೆರಗು ಹಿಡಿದು ಜಗ್ಗಿದಳು. “ಬಾಯಿ ಮುಚ್ಚು. ಅವಾ ಖರೇನ ಹೇಳಾಕತ್ತಾನ. ನಾನಿದ್ದಾಗ ಶೇಂಗಾ ಸಿಪ್ಪಿ ಒಗದವರನ್ನ ಕಸಬರಗಿ ಹಿಡಕೊಂಡು ಬೆನ್ನ ಹತ್ತೀನಿ.”

ಅದೂ ನಿಜವೇ. ಅವಳ ಕಾಲದಲ್ಲಿ ಆ ಹುಲ್ಲಿನ ಮೇಲೆ ಒಂದು ಕಾಗದದ ಚೂರು ಬೀಳುವಂತಿರಲಿಲ್ಲ. ಅವಳೇ ಕಾಯ್ದ ಶಿಸ್ತು ಈಗ ಅವಳಿಗೇ ಅಡ್ಡ ಬಂದು ನಿಂತಿತ್ತು. ಬುಟ್ಟಿಯನ್ನೂ ಹುಲ್ಲನ್ನೂ ಒಂದರ ನಂತರ ಒಂದು ನೋಡಿದಳು. ಇನ್ನು ಎದ್ದು ಹೋಗುತ್ತಾಳೆ, ಮುಂದಿನ ವರ್ಷ ಮತ್ತೆ ಯಾರದೋ ಹೊಲದಲ್ಲಿ ತಂಬಿಗೆ ಹಿಡಿಯುತ್ತಾಳೆ ಎಂದುಕೊಂಡೆ.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಬೈಕು ಒಳಗೆ ತಂದರು. ಹುಡುಗ ಸೀಟಿ ಊದುತ್ತ ಆ ಕಡೆ ಓಡಿದ. ಅವ್ವ ಒಂದು ಕ್ಷಣ ಅವನ ಬೆನ್ನು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಕಸ ಆದ್ರ ನಾನೇ ಬಳೀತೀನಿ. ನೀ ತಂಬಗಿ ಹಿಡಿ.”

ಬುಟ್ಟಿ ಬಗಲಲ್ಲಿ ಇಟ್ಟುಕೊಂಡು ನಡೆದಳು. ಮೊಣಕಾಲು ನೋವು ಎಲ್ಲಿ ಹೋಯಿತೋ. ಮೊದಲ ಹಿಡಿ ಎರಚಿ ಗಂಟಲು ಸರಿಮಾಡಿಕೊಂಡು ಕೂಗಿದಳು: “ಹುಲ್ಲುಲ್ಲಿಗೋ...”

ಅಷ್ಟು ದೊಡ್ಡ ದನಿ ಅವಳಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಅದು ಕೆರೆಯ ಮೇಲೆ ಹೋಗಿ ಗುಡ್ಡಕ್ಕೆ ಬಡಿಯಿತು. ವಾಕಿಂಗಿನವರೆಲ್ಲ ತಿರುಗಿದರು, ಒಬ್ಬ ಹುಡುಗಿ ಮೊಬೈಲು ಎತ್ತಿ ಹಿಡಿದಳು. ನಾನು ಓಗೊಡಬೇಕಿತ್ತು. ಬಾಯಿ ತೆರೆದೆ, ದನಿ ಬರಲಿಲ್ಲ. ಜಗಳಕ್ಕೆ ಏರಿದ ಗಂಟಲು, ಅಷ್ಟು ಜನರ ಮುಂದೆ ಇದೊಂದು ಕೂಗಿಗೆ ಕಟ್ಟಿಕೊಂಡಿತು. ನಾಚಿಕೆ, ಬೇರೇನಲ್ಲ. ಅವ್ವ ಕೈ ಬುಟ್ಟಿಯಲ್ಲಿಟ್ಟು ಕಾಯುತ್ತ ನಿಂತಳು. ಓಗೊಡದೆ ಎರಡನೇ ಹಿಡಿ ಎರಚುವಂತಿಲ್ಲ.

ಕಾವಲುಗಾರ ಬಾಗಿಲ ಕಡೆಯಿಂದ ಕೈ ಬೀಸುತ್ತ ಓಡಿ ಬರುತ್ತಿದ್ದ. ಸೀಟಿಯನ್ನು ಬಾಯಿಗೆ ಇಟ್ಟುಕೊಂಡಿದ್ದ. ಅವ್ವ ಅವನನ್ನು ನೋಡಿದಳು. ಹಿಂದೆ ಸರಿಯದೆ, ಇನ್ನೂ ಜೋರಾಗಿ ಮತ್ತೊಮ್ಮೆ ಕೂಗಿದಳು: “ಹುಲ್ಲುಲ್ಲಿಗೋ...”

“ಚಲಾಂಬ್ರಿಗೋ!”

ಓಗೊಟ್ಟವನು ಅವನೇ. ಸೀಟಿ ಬಾಯಿಂದ ಜಾರಿ ಎದೆಯ ಮೇಲೆ ತೂಗುತ್ತಿತ್ತು. ತಡೆಯಲು ಓಡಿ ಬಂದವನು ಬಾಯಿಗೆ ಕೈ ಅಡ್ಡ ಹಿಡಿದು ಅಲ್ಲೇ ನಿಂತುಬಿಟ್ಟ. ಬೆಂಚಿನ ಮೇಲಿನ ಬಿರ್ಯಾನಿಯವರು ಗೊಳ್ಳೆಂದು ನಕ್ಕರು.

“ಬಾಯಿಗೆ ತಾನಾ ಬಂತ್ರಿ,” ಅಂದ, ಕಿವಿಯವರೆಗೆ ಕೆಂಪಾಗಿ. “ನಮ್ದು ಕೆಂಭಾವಿ ಕಡಿ. ಅಲ್ಲಿ ಈಗ ನಮ್ಮಣ್ಣ ಚರಗ ಚೆಲ್ಲಾಕತ್ತಿರ್ತಾನ್ರಿ. ಪ್ರತಿ ವರ್ಷ ಅವನ ಹಿಂದ ನೀರು ಹಿಡಿಯಾವ ನಾನಾ. ಈ ಸಲ ರಜಾ ಸಿಗಲಿಲ್ಲ.”

“ಹಂಗಾದ್ರ ನಿನಗ ಹೊಲ ಅದ,” ಅಂದಳು ಅವ್ವ.

“ಎರಡೆಕ್ರೆ ಅದರೀ.”

ಅವನು ನನ್ನ ಹತ್ತಿರ ಬಂದು ಕೈ ಚಾಚಿದ. “ಕೊಡ್ರಿ ಅಕ್ಕಾರ ತಂಬಗಿ. ನಿಮ್ಮ ಕೈಲೆ ಆಗಂಗಿಲ್ಲ ಇದು.” ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೊಟ್ಟೆ. ಅವನು ಚಪ್ಪಲಿ ಬಿಟ್ಟ. ಹುಲ್ಲು, ಗಿಡ, ದಂಡೆ ಎಲ್ಲವನ್ನೂ ಒಮ್ಮೆ ನೋಡಿ, ಹೊಲದವರು ಹೊಲದವರನ್ನು ಕೇಳುವ ಹಾಗೆ ಅವ್ವನನ್ನು ಕೇಳಿದ:

“ನಿಮ್ಮದು ಎಲ್ಲಿಂದ ಎಲ್ಲಿತನ ಅದರೀ, ಅಮ್ಮಾ?”

ಅವಳ ಜೀವಮಾನದಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಆದರೆ ಯೋಚಿಸಲಿಲ್ಲ, ತಡವರಿಸಲಿಲ್ಲ. ಕೈ ನೀಡಿ ತೋರಿಸಿದಳು. “ಈ ಪಾವಟಿಗಿಂದ ಆ ಜೋಡು ಬೇವಿನ ಗಿಡದತನ. ಅದರ ಆಚಿ ಕಡಿ ಮಣ್ಣು ಹಾಕಿದವರು ಬ್ಯಾರೆ ಹೆಣ್ಮಕ್ಕಳು. ಅದು ನಂದಲ್ಲ.”

ಇಬ್ಬರೂ ನಡೆದರು. ಅವಳು ಮುಂದೆ ಎರಚುತ್ತ, ಅವನು ಹಿಂದೆ ನೀರು ಚಿಮುಕಿಸುತ್ತ, ಕೂಗಿಗೆ ಓಗೊಡುತ್ತ. ನಾನು ದೂರ ನಿಂತು ನೋಡಿದೆ. ಜೋಡು ಬೇವಿನ ಗಿಡದ ಹತ್ತಿರ ಅವ್ವ ನಿಂತಳು. ಬುಟ್ಟಿಯಲ್ಲಿ ಇನ್ನೂ ಚರಗ ಉಳಿದಿತ್ತು. ಆಚೆ ಕಡೆಗೆ ಒಂದು ಅಗುಳೂ ಬೀಳದ ಹಾಗೆ ಹಿಡಿ ಬಿಗಿ ಮಾಡಿ, ಅಲ್ಲಿಂದಲೇ ಹೊರಳಿದಳು.