ಪುಕ್ಕಟೆ ಲಿಂಕು

ಪುಕ್ಕಟೆ ಸಿಗುವ ಯಾವುದನ್ನೂ ನಾನು ನಂಬುವುದಿಲ್ಲ. ಸಿಂಧನೂರಿನ ಸಂತೆಯಲ್ಲಿ ಯಾರಾದರೂ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದರೆ, ಕೆಳಗಿನ ಟೊಮ್ಯಾಟೊ ಕೊಳೆತಿರಬೇಕು ಎಂದು ಅಲ್ಲೇ ಚೀಲ ಸುರುವಿ ನೋಡುವವಳು ನಾನು. ಅಂಥವಳಿಗೆ, ನನ್ನ ಕುರ್ಚಿಯ ಮೇಲೆ ಕಣ್ಣಿಟ್ಟಿರಬಹುದಾದ ಜೊತೆಗಾತಿಯೇ "ಅಕ್ಕಾ, ಇದು ಚಲೋ ಐತಿ, ಪುಕ್ಕಟೆ ಐತಿ, ಇದರಾಗ ಕಲೀರಿ" ಎಂದು ವಾಟ್ಸಾಪಿನಲ್ಲಿ ಒಂದು ಲಿಂಕು ಕಳಿಸಿದರೆ ಒತ್ತುವ ಮನಸ್ಸಾಗುತ್ತದೆಯೇ?

ಆಗ ನಾವಿಬ್ಬರೂ ಸಿಂಧನೂರಿನ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರುಗಳು. ಅವಳು ನನಗಿಂತ ಚಿಕ್ಕವಳು, ದಿನಾ ಮಸ್ಕಿಯಿಂದ ಬಸ್ಸಿಗೆ ಬರುತ್ತಿದ್ದಳು. ಆ ಬೇಸಿಗೆಯಲ್ಲಿ ಶಾಲೆಯ ಕಾರ್ಯದರ್ಶಿಗಳು ಇಬ್ಬರನ್ನೂ ಕರೆದು, ಇನ್ನು ಮುಂದೆ ಪ್ರವೇಶದ ಅರ್ಜಿಯೆಲ್ಲ ವೆಬ್‌ಸೈಟಿನಲ್ಲೇ, ಆಪರೇಟರ್ ಒಬ್ಬರೇ ಸಾಕು ಎಂದರು. ಪಾಲಕರು ಮೊಬೈಲ್ ನಂಬರಿನ ಒಂದು ಅಂಕಿ ಬಿಟ್ಟರೆ, ಮಗುವಿನ ಹುಟ್ಟಿದ ತಾರೀಕು ಖಾಲಿ ಬಿಟ್ಟರೆ, ಆ ಪುಟವೇ ತಡೆದು ತಪ್ಪು ತೋರಿಸಬೇಕು. ಅಂಥ ಫಾರ್ಮು ಮಾಡಿ ತೋರಿಸಿದವರು ಉಳಿಯುತ್ತಾರೆ. ಸಮಯ ಆರು ವಾರ. ಹನ್ನೊಂದು ವರ್ಷ ನಾನು ಕೂತ ಕುರ್ಚಿ ಅದು. ಬಿಟ್ಟರೆ ಬೇರೆ ಎಲ್ಲಿಗೆ ಹೋಗಬೇಕೆಂದು ತಿಳಿದಿರಲಿಲ್ಲ. ಅವಳ ಲಿಂಕು ಬಂದದ್ದು ಅದೇ ಮಧ್ಯಾಹ್ನ.

ವೆಬ್ ಪುಟ ಕಟ್ಟುವುದು ಇಬ್ಬರಿಗೂ ಅಷ್ಟಿಷ್ಟು ಬರುತ್ತಿತ್ತು. ಅದಕ್ಕೆ ತಪ್ಪು ಹಿಡಿಯುವ ಬುದ್ಧಿ ತುಂಬುವ ಸ್ಕ್ರಿಪ್ಟು ಬರೆಯುವುದು ಬರುತ್ತಿರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ಹುಡುಕಿದೆ. ಒಬ್ಬ ಎರಡು ತಾಸಿನಲ್ಲಿ ಎಲ್ಲ ಕಲಿಸುತ್ತೇನೆ ಎನ್ನುತ್ತಿದ್ದ. ಎರಡು ತಾಸಿನಲ್ಲಿ ರೊಟ್ಟಿ ಬಡಿಯುವುದೂ ಬರುವುದಿಲ್ಲ ಎಂದು ಮುಚ್ಚಿದೆ. ಪುಸ್ತಕದಂಗಡಿಯಲ್ಲಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಸಿಕ್ಕಿತು. ಒಳಗೆ ಈಗ ಯಾರೂ ಬಳಸದ ಬ್ರೌಸರಿನ ಚಿತ್ರಗಳು. ಅಂಗಡಿಯವನು "ಹೊಸಾದು ಬಂದೈತ್ರೀ" ಅಂದ. ಅವನ ಮುಖ ನೋಡಿ ಅಲ್ಲೇ ಇಟ್ಟು ಬಂದೆ.

ಕಡೆಗೆ ಐತವಾರಕ್ಕೊಮ್ಮೆ ಲಿಂಗಸೂಗೂರಿನ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋಗತೊಡಗಿದೆ. ಕ್ಲಾಸುಗಳು ಸಿಂಧನೂರಿನಲ್ಲೂ ಇದ್ದವು. ಆದರೆ ಇಲ್ಲಿ ಕಲಿತರೆ ಸುದ್ದಿ ಅವಳ ಕಿವಿಗೆ ಬೀಳುತ್ತದೆ. ಲಿಂಕನ್ನಂತೂ ಮುಟ್ಟಲಿಲ್ಲ. ಕಳ್ಳ ಲಿಂಕಾದರೆ ಮೊಬೈಲಿನಲ್ಲಿದ್ದದ್ದೆಲ್ಲ ಹೋಗುತ್ತದೆ. ಅಲ್ಲದಿದ್ದರೆ ನನ್ನ ದಾರಿ ತಪ್ಪಿಸಲು ಕಳಿಸಿದ್ದಾಳೆ. ಒಳ್ಳೆಯದೇ ಇದ್ದಿದ್ದರೆ ನನಗೇಕೆ ಕೊಡುತ್ತಿದ್ದಳು?

ಲಿಂಗಸೂಗೂರಿನ ಬಸ್ಸು ಮಸ್ಕಿಯ ಮೇಲೇ ಹೋಗಬೇಕಲ್ಲ. ಮಸ್ಕಿ ಬಂತೆಂದರೆ ಸೆರಗು ಮುಖಕ್ಕೆ ಎಳೆದು ನಿದ್ದೆ ಬಂದವಳಂತೆ ಕಿಟಕಿಗೆ ಒರಗುತ್ತಿದ್ದೆ. ಎರಡನೆಯ ಐತವಾರವೇ ಸಿಕ್ಕಿಬಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ತಾಯಿಯ ಜೊತೆ ನಿಂತಿದ್ದ ಅವಳು ಕಿಟಕಿಯ ಹತ್ತಿರ ಓಡಿ ಬಂದಳು.

"ಅಕ್ಕಾ, ಎಲ್ಲಿಗೆ ಹೊಂಟೀರಿ?"

"ಹಟ್ಟಿಗವ್ವಾ, ತಂಗಿ ಮನಿಗೆ. ಆಕಿ ಗಂಡಂದು ಈ ವಾರ ಗಣಿಯಾಗ ರಾತ್ರಿ ಪಾಳಿ ಐತಿ, ಒಬ್ಬಾಕೀನ ಇರ್ತಾಳ" ಎಂದೆ. ನನಗೆ ಹಟ್ಟಿಯಲ್ಲಿ ತಂಗಿಯೂ ಇಲ್ಲ, ತಂಗಿಯ ಗಂಡನೂ ಇಲ್ಲ.

"ನಾ ಕಳಿಸಿದ್ದು ನೋಡಿದ್ರೇನ್ರೀ?"

"ಎಲ್ಲೀದವ್ವಾ, ಟೈಮ ಆಗವಲ್ದು."

"ಲಗೂನ ನೋಡ್ರೆಕ್ಕಾ. ನೋಡಿ ನನಗೊಂದು ಮಾತು ಹೇಳ್ರಿ" ಎಂದು ಕೈಯಲ್ಲಿದ್ದ ಎರಡು ಎಳೆ ಸೌತೆಕಾಯಿಯನ್ನು ಕಿಟಕಿಯೊಳಗೆ ಹಾಕಿದಳು. ಬಸ್ಸು ಬಿಟ್ಟ ಮೇಲೆ ಅವನ್ನು ಪಕ್ಕದ ಹೆಂಗಸಿಗೆ ಕೊಟ್ಟುಬಿಟ್ಟೆ. ನಾನೆಷ್ಟು ಕಲಿತಿದ್ದೇನೆಂದು ತಿಳಿಯುವ ಹುನ್ನಾರ ಇದು ಎಂದುಕೊಂಡೆ.

ಕ್ಲಾಸಿನ ಮಾಸ್ತರರು ಹೆಚ್ಚು ಮಾತಿನವರಲ್ಲ. ಝೆರಾಕ್ಸ್ ನೋಟ್ಸ್ ಕೊಟ್ಟು "ಮನ್ಯಾಗ ಹೊಡದು ನೋಡ್ರಿ" ಎನ್ನುತ್ತಿದ್ದರು. ನಾನು ಟೈಪಿಂಗ್ ಪರೀಕ್ಷೆ ಪಾಸಾದವಳು. ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೊಡೆಯಬೇಕು, ಸ್ವಂತ ಬುದ್ಧಿ ಬೆರೆಸಬಾರದು ಎಂದು ಟೈಪಿಂಗ್ ಕಲಿಸಿದವರು ಬೆರಳ ಗೆಣ್ಣಿಗೆ ಸ್ಕೇಲಿನಿಂದ ಕುಟ್ಟಿ ಕಲಿಸಿದ್ದರು. ನೋಟ್ಸಿನಲ್ಲಿ ಸ್ಕ್ರಿಪ್ಟಿನ ಪ್ರತಿ ಸಾಲಿನ ಎಡಕ್ಕೆ ಒಂದು, ಎರಡು, ಮೂರು ಎಂದು ಅಂಕಿಗಳಿದ್ದವು. ಅವನ್ನೂ ಹೊಡೆದೆ. ಒಂದು ಚುಕ್ಕೆ ಬಿಡಲಿಲ್ಲ. ಆದರೂ ಫಾರ್ಮಿನ ಬಟನ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ವಾರಗಟ್ಟಲೆ ಅದೇ ಹಾಡು. ನಾನು ಮುಂದಿನ ಕೋರ್ಸಿಗೂ ಬರಲೆಂದು ಮಾಸ್ತರರು ಬೇಕಂತಲೇ ಎಲ್ಲೋ ತಪ್ಪು ಸೇರಿಸಿದ್ದಾರೆ, ಕೇಳಿದರೆ ಇನ್ನೊಂದು ತಪ್ಪು ಕೊಡುತ್ತಾರೆ ಎಂದು ಅವರನ್ನೂ ಕೇಳಲಿಲ್ಲ.

ಇನ್ನು ನಾಲ್ಕೇ ದಿನ ಉಳಿದಾಗ ಸಿಟ್ಟಿನಿಂದ ಆ ಲಿಂಕು ತೆರೆದೆ. ನನ್ನ ಮೊಬೈಲಿನಲ್ಲಿ ಅಲ್ಲ, ಆಫೀಸಿನ ಕಂಪ್ಯೂಟರಿನಲ್ಲಿ. ಹಾಳಾದರೆ ಶಾಲೆಯದು ಹಾಳಾಗಲಿ.

ಅದು ನನ್ನ ಹೆಸರು ಕೇಳಲಿಲ್ಲ, ನಂಬರು ಕೇಳಲಿಲ್ಲ. ನಾಲ್ಕು ಸಾಲಿನ ಪಾಠ, ಪಕ್ಕದಲ್ಲಿ ಬರೆದು ನೋಡಲು ಒಂದು ಚೌಕ. ಚೌಕದ ಎಡಕ್ಕೆ ಇಲ್ಲೂ ಬೂದು ಬಣ್ಣದ ಅಂಕಿಗಳು. ಒಂದನ್ನು ಅಳಿಸಲು ಹೋದೆ. ಕರ್ಸರ್ ಅಲ್ಲಿಗೆ ಹೋಗಲೇ ಇಲ್ಲ. ನೋಟ್ಸಿನ ಅಂಕಿಗಳೂ ಸಾಲು ಗುರುತಿಸಲು ಇದ್ದವು ಅಷ್ಟೇ, ಬರೆಯಬೇಕಾದದ್ದೇ ಅಲ್ಲ! ಆಮೇಲೆ ಪರೀಕ್ಷೆ ಮಾಡಲೆಂದು ಬೇಕಂತ ತಪ್ಪು ಬರೆದೆ. ಮೂರನೆಯ ಸಾಲು ನೋಡು ಎಂದು ತಾನೇ ಹೇಳಿತು. ಹೊಸದಾಗಿ ಕಲಿಯುವವರಿಗೆ ಬೇಕಾದದ್ದು ಇಷ್ಟೇ, ತಪ್ಪು ಮಾಡಲು ಬಿಟ್ಟು ಎಲ್ಲಿ ತಪ್ಪಿದೆ ಎಂದು ತೋರಿಸುವ ಜಾಗ. ಅದು ಐದು ವಾರದಿಂದ ನನ್ನ ಮೊಬೈಲಿನಲ್ಲೇ ಬಿದ್ದಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಅವಳಿಗೆ ಹೇಳಲಿಲ್ಲ. ಹೇಳಿದರೆ ಹುಷಾರಾಗುತ್ತಾಳೆ ಎಂಬ ಗುಮಾನಿ ಇನ್ನೂ ಇತ್ತು.

ನಾಲ್ಕು ದಿನದಲ್ಲಿ ಮೊಬೈಲ್ ನಂಬರು ತಪ್ಪಾದರೆ ತಡೆಯುವುದಷ್ಟೇ ನನ್ನಿಂದಾಯಿತು. ತಾರೀಕು, ವಿಳಾಸ, ಉಳಿದದ್ದೆಲ್ಲ ಹಾಗೇ ಇತ್ತು. ಕಾರ್ಯದರ್ಶಿಗಳ ಮುಂದೆ ಅವಳ ಫಾರ್ಮು ಒಂದೊಂದು ತಪ್ಪನ್ನೂ ಹಿಡಿಯಿತು. ನನ್ನದನ್ನು ನೋಡಿ ಅವರು, "ಮೇಡಮ್ಮೋರೇ, ಈ ತಿಂಗಳು ಮುಗಿಯೋತನಕ ಬರ್ರಿ" ಎಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಹೊರಗೆ ವರಾಂಡದಲ್ಲಿ ಅವಳು ನನಗಾಗಿ ನಿಂತಿದ್ದಳು. ಗೆದ್ದವಳ ಮುಖ ಅದಾಗಿರಲಿಲ್ಲ, ಕಣ್ಣುಗಳು ಕೆಂಪಾಗಿದ್ದವು.

"ಮೊಬೈಲ್ ನಂಬರಿಂದು ನಾ ನಿನ್ನಿತನಕ ಮಾಡಿದ್ದಿಲ್ರೀ ಅಕ್ಕಾ. ನಿಮಗಂತ ಬಿಟ್ಟಿದ್ದೆ. ಅರ್ಧ ನೀವು, ಅರ್ಧ ನಾನು ಮಾಡಿ ಕೂಡೇ ತೋರಿಸಿದ್ರ ಒಬ್ಬರನ್ನ ಹೆಂಗ ತೆಗೀತಿದ್ರು? ಅದಕ್ಕ ಆವತ್ತ ಲಿಂಕ ಕಳಿಸಿದ್ದೆ. ನೀವು ಒಂದು ಮಾತೂ ಆಡಲಿಲ್ಲ. ನಿನ್ನೆ ಸಂಜಿಕ ಅದನ್ನೂ ನಾನ ಬರದೆ."

"ಮೊದಲ ಯಾಕ ಹೇಳಲಿಲ್ಲವ್ವಾ ಇದನ್ನ?" ಎಂದೆ.

"ಹೇಳಿದ್ರ ನಂಬತಿದ್ರೇನ್ರೀ?"

"ಇಲ್ಲ" ಎಂದೆ. ಆ ಆರು ವಾರದಲ್ಲಿ ನಾನು ಅವಳಿಗೆ ಹೇಳಿದ ನಿಜ ಅದೊಂದೇ.